ಮೊದಲಿನವನ ಪಾಲು

ಹಿತ್ತಾಳೆ ಫಲಕದ ನಾಲ್ಕು ಮೂಲೆಯ ತಿರುಪುಗಳಲ್ಲಿ ಮೂರು ಹಿತ್ತಾಳೆಯವು, ಒಂದು ಕಬ್ಬಿಣದ್ದು. ಮಳೆಗಾಲದಲ್ಲಿ ಆ ಒಂದರಿಂದ ತುಕ್ಕಿನ ಗೆರೆ ಇಳಿದು ಹೆಸರಿನ ಕೊನೆಯ ಅಕ್ಷರದ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಶನಿವಾರ ಸಂಜೆ ಅಪ್ಪ ಸ್ಟೂಲಿನ ಮೇಲೆ ನಿಂತು ಹುಣಸೆಹಣ್ಣಿನಿಂದ ಅದನ್ನು ಉಜ್ಜುತ್ತಿದ್ದರು. ಫಲಕದ ಮೇಲೆ ಇಂಗ್ಲಿಷಿನಲ್ಲಿ ಒಂದೇ ಪದವಿತ್ತು, ಬ್ರಾಡ್ಲಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಉಳಿದ ಮನೆಗಳ ಬಾಗಿಲಿಗೆ ನಂಬರು ಮಾತ್ರ ಇತ್ತು. ಫಲಕವನ್ನು ಎರಕ ಹೊಯ್ದವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಅಜ್ಜ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಹುಣಸೆಹಣ್ಣು ಅಜ್ಜಿಯ ಡಬ್ಬಿಯಿಂದ ಹೋಗುತ್ತಿದ್ದದ್ದರಿಂದ ಶನಿವಾರದ ಸಂಜೆಗೆ ಒಂದು ಸಣ್ಣ ಜಗಳ ಖಾಯಂ.

"ಸಾಮೂ, ಸಾರಿಗೆ ಹುಳಿ ಇಲ್ಲ, ಗೋಡೆಗೆ ಹುಳಿ ಹಾಕ್ತಾ ಇದೀಯಲ್ಲೋ."

"ಗೋಡೆಗಲ್ಲಮ್ಮಾ. ಹೆಸರಿಗೆ."

"ಹೆಸರು ಹುಳೀಗೆ ಹೊಳೀತದಾ?"

ಮನೆಯಲ್ಲಿದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಊಟದ ಮೇಜು ಮತ್ತು ನಾಲ್ಕು ಕುರ್ಚಿಗಳಿದ್ದವು. ಅವುಗಳನ್ನು ಬಳಸಿ ಆಚೆ ಹೋಗಬೇಕಾದರೆ ಮೈ ಓರೆ ಮಾಡಬೇಕಿತ್ತು. ಭಾನುವಾರ ಚರ್ಚಿನಿಂದ ಬಂದ ಮೇಲೆ ಆ ಮೇಜಿಗೆ ಬಿಳಿ ಬಟ್ಟೆ ಹಾಸಿ, ಕೋಳಿ ಸಾರು ಅನ್ನವನ್ನೂ ಚಮಚ ಮತ್ತು ಫೋರ್ಕಿನಲ್ಲಿ ತಿನ್ನಬೇಕೆಂಬುದು ಅಪ್ಪನ ನಿಯಮ. ನನಗೂ ಅಮ್ಮನಿಗೂ ಅದು ಅಭ್ಯಾಸವಾಗಿತ್ತು. ನಾಲ್ಕನೆಯ ಕುರ್ಚಿ ಅಜ್ಜಿಯದು, ಆದರೆ ಅವಳು ಅದರಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು, ತಟ್ಟೆಯನ್ನು ತೊಡೆಯ ಹತ್ತಿರ ಎಳೆದುಕೊಂಡು ಕೈಯಲ್ಲೇ ಉಣ್ಣುತ್ತಿದ್ದಳು. ಅವಳು ಊಟ ಮಾಡುವ ಸದ್ದು ಮೇಜಿಗೆ ಕೇಳುತ್ತಿತ್ತು. ಮೇಜಿನ ಮಾತು ಅವಳಿಗೂ ಕೇಳುತ್ತಿತ್ತು.

ಮೇಜಿನ ಮಾತೆಂದರೆ ಹೆಚ್ಚಾಗಿ ಅಪ್ಪನ ಒಂದೇ ಕಥೆ. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಕಟ್ಟುವಾಗ ಬ್ರಾಡ್ಲಿ ಎಂಬ ಇಂಗ್ಲಿಷ್ ಇಂಜಿನಿಯರ್ ಬಂದಿದ್ದರು, ಇಲ್ಲಿಯ ಹೆಣ್ಣನ್ನೇ ಮದುವೆಯಾದರು, ನಾವು ಅವರ ಸಂತತಿ. ಇಂಗ್ಲೆಂಡಿನ ಉತ್ತರದಲ್ಲಿ ನಮ್ಮ ಹೆಸರಿನ ಊರೊಂದು ಈಗಲೂ ಇದೆ. ಹೇಳುತ್ತಾ ಹೋದಂತೆ ಇಂಜಿನಿಯರ್‌ಗೆ ಒಂದು ಕುದುರೆ ಬಂತು, ಇನ್ನೊಂದು ವರ್ಷ ಒಂದು ನಾಯಿ ಬಂತು. ಅಮ್ಮ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದ ಭಾನುವಾರಗಳಲ್ಲಿ ಅವಳಿಗೆ ತಾಳ್ಮೆ ಇರುತ್ತಿರಲಿಲ್ಲ.

"ಕುದುರೇನ ಎಲ್ಲಿ ಕಟ್ತಿದ್ರು? ಈ ಕ್ವಾರ್ಟರ್ಸಲ್ಲಿ ಸ್ಕೂಟರ್ ನಿಲ್ಸಕ್ಕೇ ಜಾಗ ಇಲ್ಲ ಮಾರಾಯ್ರೆ."

"ನೀನು ನಗು ಗ್ರೇಸ್. ನನ್ನ ಕಣ್ಣು ನೋಡು. ಕಪ್ಪಾ ಇದು?"

ಅಪ್ಪನ ಕಣ್ಣು ಸ್ವಲ್ಪ ತಿಳಿ ಕಂದು. ಕಿಟಕಿಯ ಕಡೆ ಮುಖ ಮಾಡಿದಾಗ ಮಾತ್ರ ಗೊತ್ತಾಗುತ್ತಿತ್ತು. ಅದಕ್ಕೇ ಅವರು ಮೇಜಿನ ಬಳಿ ಯಾವಾಗಲೂ ಕಿಟಕಿಗೆ ಎದುರಾಗಿ ಕೂರುತ್ತಿದ್ದರು. ಶಾಲೆಯಲ್ಲಿ ನನ್ನ ಹೆಸರು ಕೂಗಿದಾಗ ಹಿಂದಿನ ಬೆಂಚಿನಿಂದ "ಎಸ್ತರ್ ಬ್ರೆಡ್ಡು, ಜಾಮ್ ಎಲ್ಲಿ?" ಎಂದು ಕೇಳಿಬರುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ. ನನ್ನ ಹಿಂದೆ ಕುದುರೆಯ ಮೇಲೆ ಒಬ್ಬ ಇಂಜಿನಿಯರ್ ಇದ್ದಾನೆಂಬ ನಂಬಿಕೆ ಆಗ ನನಗೂ ಇತ್ತು.

ಅಜ್ಜಿ ಆ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅದು ಅವಳ ಗಂಡನ ಹೆಸರು, ಮಾವನ ಹೆಸರು. ಅವಳ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಅದಕ್ಕೆ ಹಿಂದೂ ಕ್ರಿಶ್ಚಿಯನ್ ಎಂಬ ಭೇದವಿರಲಿಲ್ಲ. ಗ್ಯಾಸ್ ತಂದವನು ಬಾಗಿಲಲ್ಲಿ ನಿಂತು "ಬ್ರಾಡ್ಲಿ ಅನ್ನೋರ ಮನೆ ಇದೇನಾ?" ಎಂದರೆ ಅಜ್ಜಿ ಹಿತ್ತಾಳೆ ಫಲಕದ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು. ಅಕ್ಷರ ಬಾರದ ಅವಳಿಗೆ ಆ ಫಲಕದಿಂದ ಇದ್ದ ಉಪಯೋಗ ಅಷ್ಟೇ.

ವರ್ಷಕ್ಕೊಮ್ಮೆ, ಭೂಮಿ ಹುಣ್ಣಿಮೆಗೆ, ಅವಳು ಚರಗ ಮಾಡುತ್ತಿದ್ದಳು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಪೈರು ತೆನೆಗಟ್ಟುವ ಹೊತ್ತಿಗೆ ಭೂಮಿ ಬಸುರಿ ಎಂದು ನಂಬಿ, ಅವಳಿಗೆ ಬಯಕೆಯ ಊಟ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು, ಸೂರ್ಯ ಹುಟ್ಟುವ ಮೊದಲು ಗದ್ದೆಗೆ ಬೀರುತ್ತಾರೆ. ಬೀರುವ ಆ ಬೆರಕೆ ಸೊಪ್ಪಿನ ಅನ್ನವೇ ಚರಗ. ಗದ್ದೆಯಿಲ್ಲದ, ಚರ್ಚಿಗೆ ಹೋಗುವ, ಹಿತ್ತಲಲ್ಲಿ ಒಂದು ಪರಂಗಿ ಗಿಡ ಬಿಟ್ಟರೆ ಬೇರೇನೂ ಬೆಳೆಯದ ನಮ್ಮ ಮನೆಯಲ್ಲಿ ಅದು ಯಾಕೆ ನಡೆಯುತ್ತದೆಂದು ನಾನು ಕೇಳಿದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅಜ್ಜಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿಹಿಟ್ಟಿನಲ್ಲಿ ಬಿಳಿ ಗೆರೆ ಎಳೆಯುತ್ತಿದ್ದಳು. ಒಂದು ಏಣಿ, ಒಂದು ಸಾಲು ಚುಕ್ಕಿ. ಮತ್ತೆ ಅದೇ ಏಣಿ, ಅದೇ ಚುಕ್ಕಿ.

"ಬೇರೆ ಏನೂ ಬರಿಯಲ್ವಾ ಅಜ್ಜಿ?"

"ನಮ್ಮ ಮಾವಂಗೆ ನೆನಪಿದ್ದಿದ್ದು ಇಷ್ಟೇ ಮಗಾ. ಆರು ವರ್ಷದ ಕೂಸು, ಅವ್ವನ ತಲೆ ಮೇಲಿನ ಬುಟ್ಟೀನ ಕೆಳಗಿಂದ ನೋಡಿದ್ದು. ಎಷ್ಟು ಕಂಡಾತು?"

ಮಾವ ಎಂದರೆ ನನ್ನ ಮುತ್ತಜ್ಜ, ನಮ್ಮ ಮನೆತನದ ಮೊದಲ ಬ್ರಾಡ್ಲಿ. ಊರಿಗೆ ರೋಗ ಬಂದು ಮನೆಮಂದಿಯೆಲ್ಲ ಹೋದ ಮೇಲೆ ಯಾರೋ ಆ ಹುಡುಗನನ್ನು ಗಾಡಿಯಲ್ಲಿ ಶಿವಮೊಗ್ಗಕ್ಕೆ ತಂದು, ಅನಾಥ ಮಕ್ಕಳನ್ನು ಸಾಕುತ್ತಿದ್ದ ಒಂದು ಬೋರ್ಡಿಂಗಿನ ಜಗಲಿಯಲ್ಲಿ ಬಿಟ್ಟು ಹೋದರಂತೆ. ಯಾವ ಊರೆಂದು ಅವನಿಗೆ ಹೇಳಲು ಬರಲಿಲ್ಲ. ಊರೊಳಗೇ ಇದ್ದವನಿಗೆ ಊರು ಊರಷ್ಟೇ.

"ಹಂಗಾದ್ರೆ ಇಂಜಿನಿಯರು?"

"ಯಾವ ಇಂಜಿನಿಯರು! ಬೋರ್ಡಿಂಗಲ್ಲಿ ಒಂದೊಂದು ಮಗೂಗೆ ಒಬ್ಬೊಬ್ರು ಸಾಕೋರು. ಎಲ್ಲಾ ಆ ಕಡೆ, ಇಂಗ್ಲೆಂಡಲ್ಲಿ. ಅವರು ಅಲ್ಲಿಂದ ಊಟಕ್ಕೆ, ಬಟ್ಟೆಗೆ ಕಳಿಸ್ತಿದ್ರು. ಇವರು ಇಲ್ಲಿ ಅವರ ಹೆಸರನ್ನ ಮಗೂಗೆ ಇಡ್ತಿದ್ರು. ಸಾಕಿದೋರೂ ನೋಡ್ಲಿಲ್ಲ, ಸಾಕಿಸ್ಕೊಂಡೋರೂ ನೋಡ್ಲಿಲ್ಲ."

"ಮುಂಚೆ ಮುತ್ತಜ್ಜನ ಹೆಸರು ಏನಿತ್ತು?"

"ಅವ್ವ ಏನಂತ ಕರೀತಾಳೆ? ತಮ್ಮಾ ಅಂತಾಳೆ, ಮಗಾ ಅಂತಾಳೆ. ಅದನ್ನ ಹೆಸರು ಅಂತ ಯಾರು ತಗೊಳ್ತಾರೆ?"

ಆಮೇಲೆ ಅವಳು ಗೆರೆ ಎಳೆಯುವುದನ್ನು ನಿಲ್ಲಿಸಿ ಹೇಳಿದ ಮಾತು, ಈ ಅಧ್ಯಾಯವನ್ನು ನಾನು ಬರೆಯಲು ಕಾರಣ.

"ಆ ಹೆಸರೂ ಮಾವಂದೇನಲ್ಲ. ಮೊದಲು ಇನ್ನೊಬ್ಬ ಹುಡುಗಂದು. ಆ ಕೂಸು ಜ್ವರ ಬಂದು ಹೋಗ್ಬಿಡ್ತು. ಹೆಸರು ಖಾಲಿ ಆತು, ಇಂಗ್ಲೆಂಡಿಂದ ಬರೋದು ಬರ್ತಾನೇ ಇತ್ತು. ಆ ಚಾಪೆ, ಆ ತಟ್ಟೆ, ಆ ಹೆಸರು, ಮೂರನ್ನೂ ಮಾವಂಗೆ ಕೊಟ್ರು."

ಮುತ್ತಜ್ಜ ದೊಡ್ಡವನಾಗಿ ಭದ್ರಾವತಿಗೆ ಕೆಲಸಕ್ಕೆ ಬಂದು ಮದುವೆಯಾದ ಮೇಲೂ ಆ ಚಾಪೆಯನ್ನು ಮರೆಯಲಿಲ್ಲ. ಅವನಿಗೆ ಅವ್ವನದೆಂದು ಉಳಿದದ್ದು ಚರಗವೊಂದೇ. ಅದನ್ನು ಮೊದಲು ಹೆಂಡತಿಗೆ, ಆಮೇಲೆ ಸೊಸೆಗೆ ನೆನಪಿದ್ದಷ್ಟು ಕಲಿಸಿದ. ಬೀರುವಾಗ ಊರವರು ಕೂಗುವ ಪದ ಅವನಿಗೆ ಮರೆತು ಹೋಗಿತ್ತು. ಅದಕ್ಕೆ "ಅವ್ವಾ, ಉಣ್ಣು ಬಾ" ಎಂದಷ್ಟೇ ಕೂಗುತ್ತಿದ್ದ. ಕೊನೆಯ ಒಂದು ಹಿಡಿಯನ್ನು ಭೂಮಿಗೆ ಹಾಕದೆ ಬೇರೆ ಇಟ್ಟು, ಬೇಲಿಯ ಬುಡದಲ್ಲಿ ಸುರಿಯುತ್ತಿದ್ದ. ಅದು ಮೊದಲಿನವನ ಪಾಲು. ಮುತ್ತಜ್ಜ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದನಂತೆ. ಅಜ್ಜಿಗೆ ಆ ಹೆಸರು ಹೇಳುವಂತಿರಲಿಲ್ಲವಲ್ಲ, ಅವಳು "ಮೊದಲಿನವನೇ, ತಗೋ" ಎನ್ನುತ್ತಿದ್ದಳು. ಅಪ್ಪ ಆ ಬೆಳಗಿನ ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದರು. ಅವರೂ ಚಿಕ್ಕಂದಿನಲ್ಲಿ ಆ ಹಿತ್ತಲಿನಲ್ಲಿ ನಿಂತಿರಲೇಬೇಕು. ಅವರಿಗೆ ಎಷ್ಟು ಗೊತ್ತಿತ್ತು, ಗೊತ್ತಿದ್ದೂ ಇಂಜಿನಿಯರನ್ನು ಯಾವಾಗ ಕರೆತಂದರು ಎಂಬುದನ್ನು ನಾನು ಇವತ್ತಿಗೂ ಕೇಳಿಲ್ಲ.

ಎಷ್ಟೋ ವರ್ಷಗಳ ಮೇಲೆ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ, ಗ್ರಂಥಾಲಯದಲ್ಲಿ ಇಂಗ್ಲಿಷ್ ಮನೆತನದ ಹೆಸರುಗಳ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ನಮ್ಮ ಹೆಸರಿನ ಅರ್ಥ ಅದರಲ್ಲಿ ಸರಳವಾಗಿತ್ತು. ಕಾಡು ಕಡಿದು ಮಾಡಿದ ಅಗಲವಾದ ಬಯಲು. ಆ ಹೆಸರಿನ ಊರು ಒಂದಲ್ಲ, ಇಂಗ್ಲೆಂಡಿನ ಉದ್ದಕ್ಕೂ ಬೇಕಾದಷ್ಟಿವೆ. ಊರಿನಲ್ಲೇ ಉಳಿದವರನ್ನು ಯಾರೂ ಊರಿನ ಹೆಸರಿನಿಂದ ಕರೆಯುತ್ತಿರಲಿಲ್ಲ. ಊರು ಬಿಟ್ಟು ಬೇರೆಡೆ ನೆಲೆಸಿದವನನ್ನು ಅಲ್ಲಿಯವರು ಆ ಊರಿನವನು ಎಂದು ಗುರುತಿಸುತ್ತಿದ್ದರು, ಹಾಗೆ ಅದು ಅವನ ಮಕ್ಕಳಿಗೂ ಅಂಟಿತು. ಇದನ್ನು ಓದಿದಾಗ ಸಮಾಧಾನವೇನೂ ಆಗಲಿಲ್ಲ. ಮುತ್ತಜ್ಜನಿಗೆ ಅವನ ಊರಿನ ಹೆಸರು ಗೊತ್ತಿದ್ದಿದ್ದರೆ ನಮ್ಮ ಫಲಕದ ಮೇಲೆ ಸೊರಬದ ಕಡೆಯದೋ ಸಾಗರದ ಕಡೆಯದೋ ಒಂದು ಹಳ್ಳಿಯ ಹೆಸರಿರುತ್ತಿತ್ತು. ಯಾರದೋ ಊರಿನ ಹೆಸರು ಯಾರದೋ ದಾನದ ಜೊತೆ ಬಂದು, ಸತ್ತ ಒಬ್ಬ ಹುಡುಗನನ್ನು ದಾಟಿ, ನಮ್ಮ ಬಾಗಿಲಿಗೆ ತಲುಪಿತ್ತು.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ವಿಭಾಗ ನಿಂತಿತು. ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮಹಡಿ ಮನೆಗೆ ಬಂದೆವು. ಕೆಳಗೆ ಮನೆಯ ಮಾಲೀಕರು, ಎದುರಿಗೆ ಒಂದು ಖಾಲಿ ಸೈಟು, ಅದರಲ್ಲಿ ಮರಳಿನ ಗುಡ್ಡೆ ಮತ್ತು ಆಳೆತ್ತರದ ಕಾಂಗ್ರೆಸ್ ಗಿಡ. ಅಪ್ಪ ಮೊದಲು ಮಾಡಿದ ಕೆಲಸ ಹಿತ್ತಾಳೆ ಫಲಕಕ್ಕೆ ಗೋಡೆಯಲ್ಲಿ ತೂತು ಕೊರೆದದ್ದು. ಆಮೇಲೆ ಮಾಡಲು ಅವರಿಗೆ ಕೆಲಸವಿರಲಿಲ್ಲ. ಮನೆ ಅಮ್ಮನ ಸಂಬಳದಲ್ಲಿ ನಡೆಯಿತು. ಅಪ್ಪ ದಿನವೂ ಶೇವ್ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕಿಟಕಿಗೆ ಎದುರಾಗಿ ಕೂತಿರುತ್ತಿದ್ದರು. ನಾನು ಆ ದಿನಗಳಲ್ಲಿ ಮನೆಯೊಳಗೆ ಸದ್ದಿಲ್ಲದೆ ನಡೆಯುವುದನ್ನು ಕಲಿತೆ. ಈಗಲೂ ಹಾಗೆಯೇ ನಡೆಯುತ್ತೇನೆ ಎಂದು ಜೊತೆಯವರು ಹೇಳುತ್ತಾರೆ.

ಆಗ ಬಂದದ್ದು ರುದ್ರೇಶ್ ಎಂಬವರ ಸುದ್ದಿ. ಊರಿನ ಅಂಚಿನಲ್ಲಿ ಹೊಸದಾಗಿ ಇಂಗ್ಲಿಷ್ ಮಾಧ್ಯಮದ ಶಾಲೆ ಕಟ್ಟಿಸಿದ್ದವರು. ಅವರಿಗೆ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ಮೇಷ್ಟ್ರು ಬೇಕಿತ್ತು, ಅದರಲ್ಲೂ ಆಂಗ್ಲೋ-ಇಂಡಿಯನ್ ಆದರೆ ಒಳ್ಳೆಯದು, ಪೋಷಕರು ಅದನ್ನೇ ಕೇಳುತ್ತಾರೆ. ಚರ್ಚಿನ ಪರಿಚಯದವರೊಬ್ಬರು ಅಪ್ಪನ ಹೆಸರು ಹೇಳಿದ್ದರು. ಭಾನುವಾರ ಮನೆಗೇ ಬಂದು ಮಾತಾಡುತ್ತೇನೆಂದು ರುದ್ರೇಶ್ ತಿಳಿಸಿದ್ದರು. ಅಪ್ಪನಿಗೆ ಆ ಕೆಲಸ ಬೇಕೇಬೇಕಿತ್ತು. ಬಿ.ಎ. ಮುಗಿಸದ, ಐವತ್ತು ಹತ್ತಿರ ಬಂದ ಅವರ ಕೈಯಲ್ಲಿ ಆ ಹೆಸರು ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ.

ಆ ವಾರವೇ ಭೂಮಿ ಹುಣ್ಣಿಮೆ ಬಿತ್ತು.

"ಈ ವರ್ಷ ಬೇಡಮ್ಮಾ," ಎಂದರು ಅಪ್ಪ. "ಇಲ್ಲಿ ಹಿತ್ತಲೂ ಇಲ್ಲ. ಕೆಳಗಿನವರು ಏನಂದ್ಕೊಳ್ತಾರೆ?"

"ಭೂಮಿ ಇಲ್ವಾ ವಿನೋಬನಗರದಲ್ಲಿ? ಎದುರಿಗೆ ಸೈಟ್ ಐತಲ್ಲ."

"ಬೇರೆಯವರ ಸೈಟು."

"ನಾವು ಕಟ್ಟಿದ್ದು ಯಾವುದೋ ಸಾಮೂ? ಹೆಸರಿಂದ ಹಿಡಿದು ಎಲ್ಲಾ ಬೇರೆಯವರದೇ."

ಅಪ್ಪ ಎದ್ದು ಬಾಲ್ಕನಿಗೆ ಹೋದರು. ಅಜ್ಜಿ ನನ್ನನ್ನು ಸೊಪ್ಪು ತರಲು ಸಂತೆಗೆ ಕರೆದುಕೊಂಡು ಹೋದಳು. ಹರಿವೆ, ಬಸಳೆ, ಕೆಸು, ನುಗ್ಗೆ, ಇನ್ನೂ ಏನೇನೋ. ಮಾರುವವಳ ಜೊತೆ ಚೌಕಾಸಿ ಮಾಡುತ್ತಾ ಅವಳು ಆ ದಿನ ಖುಷಿಯಾಗಿದ್ದಳು.

ಹುಣ್ಣಿಮೆಯ ಹಿಂದಿನ ಸಂಜೆ, ಒಲೆಯ ಮೇಲೆ ಸೊಪ್ಪು ಬೇಯುತ್ತಿರುವಾಗ, ಭಾನುವಾರ ಬರಬೇಕಿದ್ದ ರುದ್ರೇಶ್ ಆವತ್ತೇ ಬಂದುಬಿಟ್ಟರು. ಈ ಕಡೆ ಬಂದಿದ್ದೆ, ಹಾಗೇ ಬಂದೆ ಎಂದರು. ದಪ್ಪನೆಯ, ನಗುಮುಖದ ಮನುಷ್ಯ. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು. ಅಪ್ಪ ಅವರನ್ನು ಮೇಜಿನ ಬಳಿ ಕೂರಿಸಿ ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದರು. ರುದ್ರೇಶ್ "ಯೆಸ್ ಸಾರ್, ಯೆಸ್ ಸಾರ್" ಎನ್ನುತ್ತಾ ಸಂತೋಷದಿಂದ ಕೇಳಿಸಿಕೊಂಡರು. ಇಂಜಿನಿಯರ್ ಬಂದರು, ಕುದುರೆ ಬಂತು. ಅಮ್ಮ ಕಾಫಿ ತಂದಳು. ಅಷ್ಟರಲ್ಲಿ ರುದ್ರೇಶ್ ಮೂಗನ್ನು ಮೇಲೆತ್ತಿದರು.

"ಇದು ಚರಗದ ವಾಸನೆ ಅಲ್ವಾ? ಅಯ್ಯೋ ಮಾರಾಯ್ರೆ, ನಮ್ಮವ್ವ ಹೋದ್ಮೇಲೆ ಈ ವಾಸನೇನೇ ಕಂಡಿರ್ಲಿಲ್ಲ!"

ಲೋಟ ಹಿಡಿದುಕೊಂಡೇ ಎದ್ದು ಅಡುಗೆಮನೆಯ ಬಾಗಿಲಿಗೇ ಹೋದರು. ಒಳಗೆ ಮಣೆಯ ಮೇಲೆ ಅಜ್ಜಿ, ಪಕ್ಕದಲ್ಲಿ ನಾನು, ನಮ್ಮ ನಡುವೆ ಕೆಮ್ಮಣ್ಣಿನ ಬುಟ್ಟಿ.

"ನೋಡಿ, ಬುಟ್ಟೀನೂ ಐತೆ! ಆದ್ರೆ ಗೆರೆ ಎಲ್ಲಾ ತಪ್ಪಾಗಿದೆ ಕಣಜ್ಜೀ. ಏಣಿ ಹಿಂಗಲ್ಲ ಹಾಕೋದು." ಆಮೇಲೆ ಅಪ್ಪನ ಕಡೆ ತಿರುಗಿದರು. ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಹುಬ್ಬು ಗಂಟಿಕ್ಕಿತ್ತು. "ನಿಮ್ಮನೇಲಿ ಹೆಂಗೆ ಸಾರ್ ಇದು? ಇದು ನಮ್ಮ ಕಡೇರ ಹಬ್ಬ."

ಅಪ್ಪ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದರು.

"ಅವರು ನಮ್ಮ ಹಳೇ ಆಯಾ," ಎಂದರು, ಕನ್ನಡದಲ್ಲಿ. "ಅವರ ಹಬ್ಬ. ನಾವು ಬೇಡ ಅನ್ನಲ್ಲ."

ನಾನು ಅಜ್ಜಿಯನ್ನು ನೋಡಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಅಷ್ಟೇ.

"ಹೌದಾ ಅಜ್ಜಿ?" ರುದ್ರೇಶ್ ಹಗುರವಾದರು. "ಎಷ್ಟು ವರ್ಷ ಆತು ಈ ಮನೇಲಿ?"

"ಮದುವೆ ಆಗಿ ಬಂದಾಗಿಂದ ಇಲ್ಲೇ ಇದೀನಪ್ಪ."

"ಗಂಡನೂ ಇಲ್ಲೇ ಕೆಲ್ಸಕ್ಕಿದ್ರಾ?"

"ಹೂಂ. ಈ ಮನೇಗೇ ದುಡಿದು ಹೋದ್ರು."

"ಬ್ರಾಡ್ಲಿ ಸಾರ್‌ನ ಎತ್ತಿ ಆಡ್ಸಿದ್ದೀಯ ಹಂಗಾದ್ರೆ."

"ಎತ್ತಿ ಆಡ್ಸಿದೀನಿ. ಹಾಲೂ ಕುಡಿಸಿದೀನಿ."

ರುದ್ರೇಶ್ ಜೋರಾಗಿ ನಕ್ಕು, ಉಳಿದ ಕಾಫಿ ಕುಡಿದು, ಅವಳ ಮುಖ ನೋಡದೆ ಖಾಲಿ ಲೋಟವನ್ನು ಹಾಗೇ ಅವಳ ಕಡೆ ಚಾಚಿದರು. ಅಜ್ಜಿ ಎದ್ದು ಬಂದು ಆ ಎಂಜಲು ಲೋಟವನ್ನು ತೆಗೆದುಕೊಂಡಳು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. "ನಾನು ಅವನ ತಾಯಿ" ಎಂಬ ಒಂದು ಮಾತನ್ನು ಮಾತ್ರ ಅವಳು ಬಿಟ್ಟಿದ್ದಳು. ಸೋಮವಾರದಿಂದಲೇ ಬನ್ನಿ ಸಾರ್ ಎಂದು ಹೇಳಿ ರುದ್ರೇಶ್ ಹೊರಟರು. ಮೆಟ್ಟಿಲಿಳಿಯುವಾಗ ಫಲಕದ ಮುಂದೆ ನಿಂತು ಬೆರಳಿನಿಂದ ಒಮ್ಮೆ ಸವರಿದ್ದು ನನಗೆ ಕಾಣಿಸಿತು.

ಬಾಗಿಲು ಹಾಕಿದ ಮೇಲೆ ಅಮ್ಮ ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದಳು.

"ಆಯಾ ಅಂತೆ. ನಾಳೆ ಅವರು ನನ್ನ ಕೇಳಿದ್ರೆ ಏನಂತೀರಿ? ಬಿ.ಪಿ. ನೋಡಕ್ಕೆ ನರ್ಸ್ ಬಂದಿದಾಳೆ ಅಂತೀರಾ?"

"ಹೊಟ್ಟೆಪಾಡು ಗ್ರೇಸ್."

"ಯಾರ ಹೊಟ್ಟೆ? ಆ ಹೊಟ್ಟೇಲೇ ಹುಟ್ಟಿದ್ದಲ್ವಾ ನೀವು?"

"ಬಿಡೇ ಗ್ರೇಸಿ," ಎಂದಳು ಅಜ್ಜಿ ಒಳಗಿನಿಂದ. "ಕೆಲ್ಸ ಸಿಗ್ತಲ್ಲ."

ಅಪ್ಪ ಅಡುಗೆಮನೆಯ ಹೊಸ್ತಿಲವರೆಗೆ ಬಂದರು. ಅವರು ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಹಿಂತಿರುಗಿ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಅಜ್ಜಿ ಲೋಟ ತೊಳೆದಳು. ಚರಗವನ್ನು ಬುಟ್ಟಿಗೆ ತುಂಬಿ, ಮೊದಲಿನವನ ಪಾಲನ್ನು ಸಣ್ಣ ಎಲೆಯಲ್ಲಿ ಬೇರೆ ಕಟ್ಟಿ, ಮೇಲೆ ಬಾಳೆಎಲೆ ಮುಚ್ಚಿದಳು. ಎಲ್ಲವನ್ನೂ ಪ್ರತಿ ವರ್ಷದಂತೆಯೇ ಮಾಡಿದಳು. ಆಮೇಲೆ ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಅಜ್ಜಿ, ಬೆಳಿಗ್ಗೆ ನನ್ನ ಎಬ್ಬಿಸ್ತೀಯಲ್ಲ?"

"ನಾನು ಏಳಲ್ಲ ಮಗಾ. ಮನೆಯೋರು ಬೀರಬೇಕು ಚರಗಾನ. ಆಯಾ ಬೀರಿದ್ರೆ ಅದು ಈ ಮನೇದು ಅಂತ ಆಗಲ್ಲ."

ಅದನ್ನು ಅವಳು ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮುತ್ತಜ್ಜ ಶುರು ಮಾಡಿದ ಮೇಲೆ ತಪ್ಪದೆ ನಡೆದದ್ದು ನಾಳೆ ನಿಲ್ಲುತ್ತದೆ. ಅವ್ವ ಉಪವಾಸ, ಮೊದಲಿನವನೂ ಉಪವಾಸ. ಮಾರನೆಯ ವರ್ಷಕ್ಕೆ ಯಾರಿಗೂ ಅದು ನೆನಪಿರುವುದಿಲ್ಲ. ಆಗ ಉಳಿಯುವುದು ಇಂಜಿನಿಯರ್ ಒಬ್ಬನೇ.

ಮರುದಿನ ಬೆಳಿಗ್ಗೆ ಕಿಟಕಿ ಇನ್ನೂ ಕಪ್ಪಗಿರುವಾಗ ನಾನಾಗಿಯೇ ಎದ್ದೆ. ಅಜ್ಜಿಯ ಉಸಿರು ನಿದ್ದೆಯದಾಗಿರಲಿಲ್ಲ, ಆದರೆ ಅವಳು ತಿರುಗಲಿಲ್ಲ. ಬುಟ್ಟಿ ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು. ತಲೆಯ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು ಮೆಟ್ಟಿಲಿಳಿದೆ. ರಸ್ತೆ ದಾಟಿ ಸೈಟಿನೊಳಗೆ ಹೋದರೆ ಕಾಂಗ್ರೆಸ್ ಗಿಡದ ಇಬ್ಬನಿಗೆ ಲಂಗ ಒದ್ದೆಯಾಯಿತು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮರಳಿನ ಗುಡ್ಡೆಯ ಸುತ್ತ ನಡೆಯುತ್ತಾ ಹಿಡಿ ಹಿಡಿಯಾಗಿ ಬೀರಿದೆ. "ಅವ್ವಾ, ಉಣ್ಣು ಬಾ" ಎಂದೆ. ಮೊದಲು ನನಗೇ ಕೇಳಿಸದಷ್ಟು ಮೆಲ್ಲಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಕೆಳಗಿನ ಮನೆಯ ದೀಪ ಹತ್ತಿತು. ಬುಟ್ಟಿಯಲ್ಲಿ ಎಲೆಯ ಪೊಟ್ಟಣ ಮಾತ್ರ ಉಳಿಯಿತು. ಸೈಟಿನ ಮೂಲೆಯ ಕಲ್ಲುಕಂಬದ ಬುಡದಲ್ಲಿ ಅದನ್ನು ಬಿಚ್ಚಿದೆ. ಅಜ್ಜಿಗೆ ಹೇಳಲಾಗದ ಹೆಸರು ನನಗೆ ಹೇಳಬಹುದಿತ್ತು. ಅದು ನನ್ನ ಗಂಡನದೂ ಅಲ್ಲ, ಮಾವನದೂ ಅಲ್ಲ.

"ಬ್ರಾಡ್ಲೀ," ಎಂದು ಕೂಗಿದೆ. "ಉಣ್ಣು ಬಾ."

ಮೇಲೆ ನಮ್ಮ ಬಾಲ್ಕನಿಯ ಬಾಗಿಲು ತೆರೆದ ಸದ್ದಾಯಿತು. ನಾನು ತಲೆಯೆತ್ತಿ ನೋಡಲಿಲ್ಲ. ಇನ್ನೊಮ್ಮೆ ಕೂಗಿದೆ.